ಮೂಡಲ ಸಾಲಿನ ಹನ್ನೊಂದು ನಲ್ಲಿ

ಕೊಡಗಿಕೆರೆ ಎಂಬ ಊರು ಕಿಬ್ಬನಹಳ್ಳಿಯಿಂದ ಚಿಕ್ಕನಾಯಕನಹಳ್ಳಿಗೆ ಹೋಗುವ ರಸ್ತೆಯಿಂದ ಒಂದು ಕಿಲೋಮೀಟರು ಒಳಕ್ಕಿದೆ. ಆದರೆ ಈಗ ಬಸ್ಸಿನಲ್ಲಿ ಕೂತು ಕೊಡಗಿಕೆರೆ ಎಂದವರಿಗೆ ಕಂಡಕ್ಟರು ಕೊಡುವುದು ಊರಿನ ದಾರಿ ಒಡೆಯುವ ಗೇಟಿನ ಟಿಕೇಟು. ಇಪ್ಪತ್ತೈದು ವರ್ಷದ ಹಿಂದೆ ಆ ಗೇಟಿನಲ್ಲಿ ಒಂದು ಕಾಫಿ ಹೋಟೆಲು, ಒಂದು ಕೊಬ್ಬರಿ ಗೋಡೌನು, ಮಳೆ ಬಂದರೆ ಹೊರಗಿಗಿಂತ ಒಳಗೇ ಹೆಚ್ಚು ಸೋರುತ್ತಿದ್ದ ಒಂದು ಬಸ್ ಸ್ಟ್ಯಾಂಡು, ಇಷ್ಟೇ ಇದ್ದವು. ಆಮೇಲೆ ಕಾಯಿಪುಡಿ ಕಾರ್ಖಾನೆ ಬಂತು. ಗಾರ್ಮೆಂಟ್ಸು ಬಂತು. ಅಲ್ಲಿ ಕೆಲಸ ಮಾಡುವ ಹೆಣ್ಣುಮಕ್ಕಳಿಗೆ ಬಾಡಿಗೆ ಮನೆಗಳು ಬಂದವು, ಮನೆಗಳ ಬೆನ್ನಿಗೆ ಚಿಕನ್ ಅಂಗಡಿ, ಜೆರಾಕ್ಸ್ ಅಂಗಡಿ, ಎರಡು ಕಾನ್ವೆಂಟು, ಒಂದು ಕಲ್ಯಾಣಮಂಟಪ. ತೆಂಗಿನ ತೋಟಗಳು ಒಂದೊಂದಾಗಿ ಬಡಾವಣೆಗಳಾದವು. ಮೊದಲು ಊರಿಗೊಂದು ಗೇಟು ಇತ್ತು, ಈಗ ಗೇಟಿಗೊಂದು ಹಳೇ ಊರು ಇದೆ ಎನ್ನುವ ಹಾಗಾಯಿತು. ಕೊನೆಗೆ ಸರ್ಕಾರವೂ ಇದನ್ನು ಒಪ್ಪಿಕೊಂಡು ಕೊಡಗಿಕೆರೆ ಗ್ರಾಮ ಪಂಚಾಯ್ತಿಯನ್ನು ಪಟ್ಟಣ ಪಂಚಾಯ್ತಿ ಮಾಡಲು ಆದೇಶ ಹೊರಡಿಸಿತು.

ದೊಡ್ಡಣ್ಣ ಈ ಪಂಚಾಯ್ತಿಯ ವಾಟರ್‌ಮ್ಯಾನ್. ಕಾಗದದಲ್ಲಿ ಹಾಗೆ, ಜನರ ಬಾಯಲ್ಲಿ ನೀರುಗಂಟಿ. ವಯಸ್ಸು ಐವತ್ತನಾಲ್ಕು. ಆಳು ಕುಳ್ಳು, ಬಲತೋಳು ಎಡತೋಳಿಗಿಂತ ಒಂದು ಹಿಡಿ ದಪ್ಪ. ವಾಲ್ವು ತಿರುಗಿಸಿ ತಿರುಗಿಸಿ ಹಾಗಾಗಿದೆ ಎಂದು ಕೇಳಿದವರಿಗೂ ಕೇಳದವರಿಗೂ ತೋರಿಸುತ್ತಾನೆ. ಬೆಳಿಗ್ಗೆ ಐದಕ್ಕೆ ಮೊಪೆಡ್ಡಿಗೆ ಉದ್ದನೆಯ ಕಬ್ಬಿಣದ ಕೀಲಿ ಕಟ್ಟಿಕೊಂಡು ಹೊರಟರೆ ಒಂಬತ್ತರ ತನಕ ಹದಿನಾಲ್ಕು ವಾಲ್ವು ಬಿಚ್ಚಿ ಮುಚ್ಚಬೇಕು. ಯಾವ ಬೀದಿಗೆ ಎಷ್ಟು ಹೊತ್ತು, ಯಾವ ಮನೆಯವರು ಮೋಟರು ಹಾಕಿ ಎಳೆಯುತ್ತಾರೆ, ಯಾವ ಮನೆಯಲ್ಲಿ ಇವತ್ತು ನಾಮಕರಣವಿದೆ ಎಂದು ಹತ್ತು ನಿಮಿಷ ಹೆಚ್ಚಿಗೆ ಬಿಡಬೇಕು, ಎಲ್ಲ ಅವನ ತಲೆಯಲ್ಲೇ ಇದೆ.

ಅವನ ಅಪ್ಪನೂ ನೀರುಗಂಟಿಯೇ. ಆಗ ಕೆರೆಯ ಕೆಳಗೆ ಗದ್ದೆಗಳಿದ್ದವು. ಅಪ್ಪ ತೂಬೆತ್ತಿ ಸರದಿಯ ಮೇಲೆ ಗದ್ದೆಗಳಿಗೆ ನೀರು ಹಾಯಿಸುತ್ತಿದ್ದ. ಸಂಬಳ ಎಂಬುದಿರಲಿಲ್ಲ. ಸುಗ್ಗಿಯಲ್ಲಿ ಕಣದ ಹತ್ತಿರ ಹೋಗಿ ನಿಂತರೆ ಒಬ್ಬೊಬ್ಬ ಒಕ್ಕಲೂ ಇಷ್ಟು ಭತ್ತ ಎಂದು ಅಳೆದು ಕೊಡುತ್ತಿದ್ದ. ಅದಕ್ಕೆ ಆಯ ಎನ್ನುತ್ತಿದ್ದರು. ಕೊಡುವವನಿಗೆ ಉಪಕಾರ ಮಾಡಿದೆ ಎಂಬ ಠೀವಿ ಇರಲಿಲ್ಲ, ತೆಗೆದುಕೊಳ್ಳುವವನಿಗೆ ಕೈಚಾಚಿದೆ ಎಂಬ ಸಂಕೋಚವಿರಲಿಲ್ಲ. ಬೋರ್‌ವೆಲ್ಲುಗಳು ಬಂದು ಗದ್ದೆಬಯಲೆಲ್ಲ ತೆಂಗಿನ ತೋಟವಾದ ಮೇಲೆ ತೂಬೆತ್ತುವ ಕೆಲಸ ನಿಂತಿತು, ಆಯವೂ ನಿಂತಿತು. ನಿನ್ನ ಕೆಲಸ ಇವತ್ತಿಗೆ ಮುಗಿಯಿತು ಎಂದು ಆ ಮನುಷ್ಯನಿಗೆ ಯಾರೂ ಹೇಳಲಿಲ್ಲ. ಕೆಲಸಕ್ಕೆ ಇಟ್ಟುಕೊಂಡದ್ದೇ ಯಾವ ಕಾಗದದಲ್ಲೂ ಇಲ್ಲದಿರುವಾಗ ಬಿಡಿಸಿದ್ದನ್ನು ಹೇಳುವವರು ಯಾರು? ಸಾಯುವ ತನಕ ಬೆಳಿಗ್ಗೆ ಎದ್ದು ಕೆರೆ ಏರಿಗೆ ಹೋಗಿ ತೂಬು ನೋಡಿಕೊಂಡು ಬರುತ್ತಿದ್ದ. ದೊಡ್ಡಣ್ಣನಿಗೆ ಅಪ್ಪನ ಈ ಸ್ಥಿತಿ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಆದ್ದರಿಂದ ಪಟ್ಟಣ ಪಂಚಾಯ್ತಿಯಾದರೆ ಇರುವ ಆರು ಜನ ನೌಕರರನ್ನು ಖಾಯಂ ಮಾಡುತ್ತಾರಂತೆ ಎಂಬ ಸುದ್ದಿ ಬಂದಾಗ ಅವನು ಎಲ್ಲರಿಗಿಂತ ಹೆಚ್ಚು ಆಸೆಪಟ್ಟ. ಇಪ್ಪತ್ತನಾಲ್ಕು ವರ್ಷ ತಾತ್ಕಾಲಿಕ ಎಂಬ ಪದವನ್ನು ಹೆಸರಿನ ಹಿಂದೆ ಕಟ್ಟಿಕೊಂಡು ಓಡಾಡಿದ್ದ. ಇನ್ನು ಉಳಿದ ಆರು ವರ್ಷವಾದರೂ ಸರ್ಕಾರದ ಒಂದು ಪುಸ್ತಕದಲ್ಲಿ ತನ್ನ ಹೆಸರು, ತನ್ನ ಅಪ್ಪನ ಹೆಸರು, ಮುಂದೆ ಹುದ್ದೆಯ ಹೆಸರು ಇರಬೇಕು. ಅವನಿಗೆ ಬೇಕಾಗಿದ್ದು ಅಷ್ಟೇ. ಹೆಂಡತಿ ಅಂಕಮ್ಮ ಮಾತ್ರ, ಹೆಸರು ಬಂದಾಗ ನೋಡುವಾ, ಈಗ ಎದ್ದು ಹಸುವಿಗೆ ಹುಲ್ಲು ಹಾಕು ಎಂದಳು. ಹಾಗೆಂದರೂ ಅವನ ನೀಲಿ ಶರ್ಟನ್ನು ಒಗೆದು ಇಸ್ತ್ರಿ ಮಾಡಿಸಿ ಫೋಟೋ ತೆಗೆಸಲು ಕಳಿಸಿದವಳೂ ಅವಳೇ.

ಪಂಚಾಯ್ತಿಯ ಪಿಡಿಒ ರೇಣುಕಪ್ರಸಾದ್ ಆರೂ ಜನರನ್ನು ಕೂರಿಸಿಕೊಂಡು ವಿಷಯ ಬಿಡಿಸಿ ಹೇಳಿದರು. ಪಟ್ಟಿ ಮೇಲಕ್ಕೆ ಹೋಗುವಾಗ ಒಬ್ಬೊಬ್ಬರ ಹೆಸರಿನ ಮುಂದೆಯೂ ಇವರ ಮೇಲೆ ಯಾವ ತಕರಾರೂ ಇಲ್ಲ ಎಂದು ಬರೆಯಬೇಕು. ಅದನ್ನು ಬರೆಯುವವರು ತಾವೇ, ಬರೆಯಲು ತಮ್ಮದೇನೂ ಅಡ್ಡಿಯಿಲ್ಲ, ನೀವು ಮೂರು ತಿಂಗಳು ಬಾಯಿ ಮುಚ್ಚಿಕೊಂಡು ಕೆಲಸ ಮಾಡಿಕೊಂಡಿದ್ದರೆ ಸಾಕು ಎಂದರು. ಒಳ್ಳೆಯ ಮನುಷ್ಯ. ಮೂರು ತಿಂಗಳಲ್ಲಿ ತಮಗೂ ಬೇರೆ ಕಡೆ ವರ್ಗವಾಗಲಿದ್ದುದರಿಂದ ಯಾವ ಗಲಾಟೆಯೂ ಇಲ್ಲದೆ ಹೋದರೆ ಸಾಕೆಂದು ಕಾಯುತ್ತಿದ್ದರು.

ಪಟ್ಟಣ ಎಂದ ಮೇಲೆ ನಕ್ಷೆ ಬೇಕು. ರಸ್ತೆ, ಚರಂಡಿ, ದೀಪದ ಕಂಬ ಎಲ್ಲದರ ನಕ್ಷೆಯಾಯಿತು. ನೀರಿನ ಪೈಪಿನದು ಮಾತ್ರ ಆಗಲಿಲ್ಲ. ಪಂಚಾಯ್ತಿಯ ಬೀರುವಿನಲ್ಲಿ ಒಂದು ಹಳೇ ನಕ್ಷೆ ಇತ್ತು, ಅದರಲ್ಲಿ ಪೈಪುಗಳು ಸ್ಕೇಲು ಇಟ್ಟು ಎಳೆದಷ್ಟು ನೆಟ್ಟಗಿದ್ದವು. ಪಟ್ಟಣಕ್ಕೆಂದು ಬಂದ ಹೊಸ ನೀರಿನ ಯೋಜನೆಯ ಜೂನಿಯರ್ ಇಂಜಿನಿಯರ್ ನಯನ ಅದನ್ನು ನಂಬಿ ಎರಡು ಕಡೆ ಅಗೆಸಿ ನೋಡಿದರು. ಎರಡು ಕಡೆಯೂ ಮಣ್ಣು ಬಿಟ್ಟರೆ ಏನೂ ಸಿಗಲಿಲ್ಲ.

ಸಿಗುವುದು ಹೇಗೆ? ಗೇಟಿನ ಮೊದಲ ಬಡಾವಣೆ ಕೊಬ್ಬರಿ ವ್ಯಾಪಾರಿ ವೀರಭದ್ರಯ್ಯನವರ ತೋಟದಲ್ಲಿ ಆದದ್ದು. ಅವರು ಸೈಟು ಮಾರಿದರೇ ಹೊರತು ಮರ ಕಡಿಸಲಿಲ್ಲ. ಫಸಲು ಬಿಡುವ ಮರಕ್ಕೆ ಕೊಡಲಿ ಹಾಕಿಸಲು ಈ ಸೀಮೆಯಲ್ಲಿ ಯಾರಿಗೂ ಕೈ ಬರುವುದಿಲ್ಲ. ರಸ್ತೆಗೆ ಬಿಟ್ಟ ಜಾಗದಲ್ಲೂ ಮರಗಳು ಹಾಗೇ ನಿಂತವು. ಪೈಪು ಹೂಳುವಾಗ ಒಬ್ಬೊಬ್ಬರು ಬಂದು ನಮ್ಮ ಮರದ ಬೇರು ಮುಟ್ಟಬೇಡ ಎಂದು ಎದುರಿಗೆ ನಿಂತರು. ದೊಡ್ಡಣ್ಣ ಒಂದು ಮರಕ್ಕೆ ಎಡಕ್ಕೆ ಬಾಗಿಸಿದ, ಇನ್ನೊಂದಕ್ಕೆ ಬಲಕ್ಕೆ ಬಾಗಿಸಿದ. ಹೀಗೆ ಗೇಟಿನ ಹನ್ನೆರಡು ಬೀದಿಯಲ್ಲೂ ಪೈಪು ಮರ ತಪ್ಪಿಸಿಕೊಂಡು ಓಡಿತು. ಆಮೇಲೆ ಅಣಬೆ ರೋಗ ಬಂದು ಎಷ್ಟೋ ಮರಗಳು ಒಣಗಿ ಹೋದವು, ಮೇಲೆ ಸಿಮೆಂಟು ರಸ್ತೆ ಬಂತು. ಮರ ಹೋದರೂ ಅದಕ್ಕಾಗಿ ಬಾಗಿದ್ದ ಪೈಪು ಬಾಗಿಕೊಂಡೇ ಉಳಿಯಿತು. ಈಗ ಅದು ಯಾಕೆ ಅಲ್ಲಿ ಸೊಟ್ಟಗಾಗಿದೆ ಎಂದು ಹೇಳಬಲ್ಲವನು ದೊಡ್ಡಣ್ಣ ಒಬ್ಬನೇ.

ನಯನ ಅವನನ್ನು ಕರೆದುಕೊಂಡು ಮೂರು ದಿನ ಬೀದಿ ಬೀದಿ ಸುತ್ತಿದರು. ಅವನು ಮುಂದೆ, ಫೋನು ಹಿಡಿದ ಅವರು ಹಿಂದೆ. ಇಲ್ಲಿ ಜೋಡಿ ಮರ ಇತ್ತು ಮೇಡಂ, ಪೈಪು ಆ ಮೂಲೆಗೆ ಹೋಗಿ ವಾಪಸ್ ಬರುತ್ತೆ. ಇಲ್ಲಿ ಸಿಡಿಲು ಬಡಿದ ಮರ, ಎರಡಡಿ ಈಚೆಗೆ. ಒಂದು ಕಡೆ ಅವನು ಹೇಳಿದ ಜಾಗದಲ್ಲಿ ನಂಬಿಕೆಯಿಲ್ಲದೆ ಅಗೆಸಿದರು. ಪೈಪು ಅಲ್ಲೇ ಇತ್ತು. ಆ ಮೇಲೆ ಅವರು ಅಗೆಸಲಿಲ್ಲ, ಬರೆದುಕೊಳ್ಳುತ್ತಾ ಹೋದರು. ಇಷ್ಟು ವರ್ಷ ತಲೆಯಲ್ಲಿದ್ದದ್ದು ಕಾಗದಕ್ಕೆ ಇಳಿಯುವುದನ್ನು ನೋಡಿ ದೊಡ್ಡಣ್ಣನಿಗೆ ಹೆಮ್ಮೆಯಾಗುತ್ತಿತ್ತು, ಜೊತೆಗೆ ಸ್ವಲ್ಪ ಭಯವೂ ಆಗುತ್ತಿತ್ತು. ಭಯಕ್ಕೆ ಕಾರಣ ಹೆದ್ದಾರಿ ಅಂಚಿನ ಮೋರಿಯ ಹತ್ತಿರ ಇತ್ತು.

ಅದನ್ನು ತಿಳಿಯಬೇಕಾದರೆ ಗೇಟಿನ ಇನ್ನೊಂದು ಸಂಗತಿ ತಿಳಿಯಬೇಕು. ರಸ್ತೆಯ ಪಡುವಣ ಬದಿ ತಿಪಟೂರು ತಾಲ್ಲೂಕು. ಮೂಡಣ ಬದಿ ಚಿಕ್ಕನಾಯಕನಹಳ್ಳಿ ತಾಲ್ಲೂಕು. ಗೇಟು ಬೆಳೆದದ್ದೆಲ್ಲ ಪಡುವಣಕ್ಕೆ. ಮೂಡಣಕ್ಕೆ ಇರುವುದು ಒಂದೇ ಸಾಲು, ಹನ್ನೊಂದು ಮನೆ. ಬಸ್ಸಿಗೆ ಹತ್ತಿರವಾಗುತ್ತದೆಂದು ತಮ್ಮ ತೋಟದ ತಲೆಯಲ್ಲೇ ಮನೆ ಕಟ್ಟಿಕೊಂಡವರು. ರೇಷನ್ನು, ವೋಟು, ಕಂದಾಯ ಎಲ್ಲ ಅವರಿಗೆ ಏಳು ಕಿಲೋಮೀಟರು ಒಳಗಿನ ಬೇರೊಂದು ಪಂಚಾಯ್ತಿಯಲ್ಲಿ. ಆ ಪಂಚಾಯ್ತಿಯವರು ಹನ್ನೊಂದು ಮನೆಗಾಗಿ ಏಳು ಕಿಲೋಮೀಟರು ಪೈಪು ಎಳೆಯಲು ನಮಗೇನು ತಲೆ ಕೆಟ್ಟಿದೆಯಾ ಎಂದು ಕೇಳಿ ಕಳಿಸಿದ್ದರು. ಹೀಗಾಗಿ ರಸ್ತೆಯ ಪಡುವಣ ಬದಿಯಲ್ಲಿ ನಲ್ಲಿಗಳಲ್ಲಿ ನೀರು ಸುರಿಯುತ್ತಿದ್ದರೆ ಮೂಡಣ ಬದಿಯವರು ಕೊಡ ಹಿಡಿದುಕೊಂಡು ಲಾರಿಗಳ ಮಧ್ಯೆ ರಸ್ತೆ ದಾಟುತ್ತಿದ್ದರು.

ಹದಿನಾಲ್ಕು ವರ್ಷದ ಹಿಂದೆ ರಸ್ತೆ ಅಗಲ ಮಾಡುವಾಗ ಮೋರಿಯನ್ನು ಕಿತ್ತು ಹೊಸದಾಗಿ ಕಟ್ಟುತ್ತಿದ್ದರು. ಮೂಡಲ ಸಾಲಿನ ಸಿದ್ದಮ್ಮ ಕೊಡ ಹೊತ್ತುಕೊಂಡು ದಾಟುವಾಗ ಒಂದು ಬೈಕು ತಾಗಿ ಬಿದ್ದಳು. ಮೊಣಕಾಲು ಕಿತ್ತುಹೋಯಿತು. ಅವಳು ಎದ್ದು ಕೂತು ಮೊದಲು ಮಾಡಿದ ಕೆಲಸ ಕೊಡ ಸೀಳಿದೆಯೇ ಎಂದು ತಿರುಗಿಸಿ ನೋಡಿದ್ದು. ದೊಡ್ಡಣ್ಣ ಅಲ್ಲೇ ನಿಂತಿದ್ದ. ಆವತ್ತು ಮಧ್ಯಾಹ್ನ ಅವನು ಆಗಿನ ಅಧ್ಯಕ್ಷರ ಮನೆಗೆ ಹೋಗಿ ಬಾಯಿಮಾತಿನಲ್ಲಿ ಕೇಳಿದ. ಅವರು ಎಲೆಯಡಿಕೆ ಹಾಕಿಕೊಂಡು ಹೂಂ ಎಂದರು. ಸಂಜೆಯೊಳಗೆ ಅರ್ಧ ಕಟ್ಟಿದ ಮೋರಿಯೊಳಗಿನಿಂದ ಪೈಪು ಆಚೆಗೆ ಹೋಯಿತು, ಪಡುವಣ ಬದಿಯಲ್ಲಿ ಒಂದು ವಾಲ್ವು ಕೂತಿತು. ಆ ಅಧ್ಯಕ್ಷರು ಈಗಿಲ್ಲ, ಅವರ ಹೂಂ ಎಲ್ಲೂ ದಾಖಲಾಗಿಲ್ಲ.

ಆ ವರ್ಷ ಕಾಯಿ ಕೆಡವಿದಾಗ ಸಿದ್ದಮ್ಮ ಮನೆಗೆ ಹತ್ತರಂತೆ ಹನ್ನೊಂದು ಮನೆಯ ಕಾಯಿ ಚೀಲಕ್ಕೆ ತುಂಬಿಸಿ ದೊಡ್ಡಣ್ಣನ ಜಗಲಿ ಮೇಲೆ ಇಳಿಸಿದಳು. ಅವನಿಗೂ ತೋಟವಿದೆ, ಅಟ್ಟದ ತುಂಬ ಕಾಯಿ ಇದೆ, ಬೇಡ ಎಂದ. ಅವಳಿಗೆ ಸಿಟ್ಟು ಬಂತು. ನಾವು ಬಿಟ್ಟಿ ನೀರು ಕುಡಿದು ಬದುಕಬೇಕೇನು, ನಿಮ್ಮಪ್ಪ ಇಸಕೊಳ್ಳುತ್ತಿದ್ದುದನ್ನು ನೀನು ಬೇಡ ಅನ್ನುವಷ್ಟು ದೊಡ್ಡವನಾದೆಯಾ ಎಂದಳು. ಅಪ್ಪನ ಮಾತು ಬಂದ ಮೇಲೆ ದೊಡ್ಡಣ್ಣ ಮರುಮಾತಾಡಲಿಲ್ಲ. ಅಂದಿನಿಂದ ವರ್ಷಕ್ಕೊಮ್ಮೆ ಮೂಡಲ ಸಾಲಿನ ಆಯ ತಪ್ಪದೆ ಬಂತು. ಅವನ ಮಟ್ಟಿಗೆ ಪಂಚಾಯ್ತಿಯ ಸಂಬಳ ಒಂದು ನೌಕರಿ. ಈ ಕಾಯಿ ಮಾತ್ರ ಅವನನ್ನು ಅಪ್ಪನ ಮಗನನ್ನಾಗಿ ಮಾಡುತ್ತಿತ್ತು.

ಮೂರನೆಯ ದಿನ ಸಂಜೆ ನಾಲ್ಕರ ಹೊತ್ತಿಗೆ ನಯನ ಮೋರಿಯ ಹತ್ತಿರದ ವಾಲ್ವಿನ ಮುಂದೆ ನಿಂತರು. ಈ ವಾಲ್ವು ಆದಮೇಲೆ ಲೈನು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರು. ಮೂರು ತಿಂಗಳು ಬಾಯಿ ಮುಚ್ಚಿಕೊಂಡಿರಿ ಎಂಬ ಪಿಡಿಒ ಮಾತು ದೊಡ್ಡಣ್ಣನ ಕಿವಿಯಲ್ಲಿತ್ತು. ಎಲ್ಲಿಗೂ ಇಲ್ಲ ಮೇಡಂ, ವಾಷ್‌ಔಟು ಎಂದ. ಪೈಪಿನಲ್ಲಿ ಕೂತ ಕೆಸರನ್ನು ಆಗಾಗ ಹೊರಗೆ ಬಿಡಲು ಇಡುವ ವಾಲ್ವದು. ಸುಳ್ಳು ಅಷ್ಟು ಚೆನ್ನಾಗಿ ಹೊಂದಿತ್ತೆಂದರೆ ನಯನ ಎರಡನೇ ಸಲ ಕೇಳಲೇ ಇಲ್ಲ. ಹಾಗಾದರೆ ಹೊಸ ಲೈನಿನಲ್ಲಿ ಇದನ್ನು ತೆಗೆದುಬಿಡಬಹುದು, ಕೆಲಸ ಸೋಮವಾರ ಈ ತುದಿಯಿಂದಲೇ ಶುರುವಾಗುತ್ತದೆ ಎಂದು ಬರೆದುಕೊಂಡು ಹೊರಟರು.

ಎರಡು ದಿನ ದೊಡ್ಡಣ್ಣನಿಗೆ ಅನ್ನ ರುಚಿಸಲಿಲ್ಲ. ಬೆಳಿಗ್ಗೆ ಮೋರಿಯ ವಾಲ್ವು ತಿರುಗಿಸುವಾಗ ಆಚೆ ಬದಿಯಲ್ಲಿ ಬಿಂದಿಗೆಗಳ ಸದ್ದು ಕೇಳುತ್ತಿತ್ತು. ಸೋಮವಾರ ಜೆಸಿಬಿ ಬಂದರೆ ಆ ಸದ್ದು ನಿಲ್ಲುತ್ತದೆ, ಯಾಕೆ ನಿಂತಿತು ಎಂದು ಕೇಳಲು ಅವರಿಗೆ ಒಂದು ಕಚೇರಿಯೂ ಇರುವುದಿಲ್ಲ. ನಕ್ಷೆಯಲ್ಲಿಲ್ಲದ ಪೈಪು ಇದ್ದದ್ದಾದರೂ ಎಲ್ಲಿ? ಅಪ್ಪನನ್ನು ಹೇಳದೆ ಕೇಳದೆ ಬಿಡಿಸಿದ ಹಾಗೆಯೇ ತಾನೂ ಹನ್ನೊಂದು ಮನೆಯನ್ನು ಬಿಡಿಸುತ್ತಿದ್ದೇನೆ ಎಂದು ಅವನಿಗೆ ನಾಚಿಕೆಯಾಯಿತು. ಶನಿವಾರ ಬೆಳಿಗ್ಗೆ ಗೇಟಿನ ಪಂಚಾಯ್ತಿ ಕಚೇರಿಗೆ ಹೋಗಿ, ನಯನ ಮತ್ತು ರೇಣುಕಪ್ರಸಾದ್ ಇಬ್ಬರೂ ಇದ್ದಾಗಲೇ ಹೇಳಿಬಿಟ್ಟ.

"ಮೇಡಂ, ಅದು ವಾಷ್‌ಔಟ್ ಅಲ್ಲ. ರಸ್ತೆ ಆಚೆ ಹನ್ನೊಂದು ಮನೆಗೆ ನೀರು ಹೋಗ್ತದೆ. ನಾನೇ ಹಾಕಿದ್ದು, ಆಗಿನ ಅಧ್ಯಕ್ಷರು ಹೂಂ ಅಂದಿದ್ರು."

ರೇಣುಕಪ್ರಸಾದ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನಯನ ಬೈಯುತ್ತಾರೆ ಎಂದುಕೊಂಡಿದ್ದ ದೊಡ್ಡಣ್ಣನಿಗೆ ಅವರು ಬೈಯದೆ ನಕ್ಷೆ ಬಿಡಿಸಿದ್ದು ಆಶ್ಚರ್ಯವಾಯಿತು. ಹದಿನಾಲ್ಕು ವರ್ಷದಿಂದ ಕುಡಿಯುತ್ತಿರುವ ನೀರನ್ನು ಕತ್ತರಿಸುವುದು ಅಷ್ಟು ಸುಲಭವಲ್ಲ, ಎರಡು ಸ್ಥಳೀಯ ಸಂಸ್ಥೆಗಳು ಒಪ್ಪಿದರೆ ಗಡಿಯಾಚೆಯ ಸಂಪರ್ಕ ಎಂದು ಸಕ್ರಮ ಮಾಡಬಹುದು, ಆದರೆ ಎರಡೂ ಕಡೆಯವರು ಸ್ಥಳಕ್ಕೆ ಬಂದು ಜನರ ಹೇಳಿಕೆ ತೆಗೆದುಕೊಂಡು ಮಹಜರು ಬರೆಯಬೇಕು ಎಂದು ಹೇಳಿದರು. ದೊಡ್ಡಣ್ಣನ ವಿಚಾರ ಏನು ಎಂದು ಪಿಡಿಒ ಕೇಳಿದರು. ಆಗಿನ ಅಧ್ಯಕ್ಷರ ಮೌಖಿಕ ಒಪ್ಪಿಗೆ ಮೇಲೆ ಕುಡಿಯುವ ನೀರು ಕೊಟ್ಟಿದ್ದಾನೆ, ತನಗಾಗಿ ಏನೂ ಮಾಡಿಕೊಂಡಿಲ್ಲ, ಅದನ್ನು ಹಾಗೇ ಬರೆದರೆ ಯಾರೂ ತಪ್ಪು ಹಿಡಿಯುವುದಿಲ್ಲ ಎಂದರು ನಯನ. ರೇಣುಕಪ್ರಸಾದರಿಗೂ ಉಸಿರು ಬಂತು. ಸೋಮವಾರದ ಜೆಸಿಬಿಯನ್ನು ಬೇರೆ ತುದಿಗೆ ಕಳಿಸಿದರು.

ದೊಡ್ಡಣ್ಣ ಹಗುರಾಗಿ ಮನೆಗೆ ಬಂದು ಎಲ್ಲವನ್ನೂ ಹೇಳಿದ. ಅಂಕಮ್ಮ ಅಕ್ಕಿ ಆರಿಸುತ್ತಿದ್ದವಳು ಮೊರ ಕೆಳಗಿಟ್ಟಳು.

"ತನಗಾಗಿ ಏನೂ ಮಾಡ್ಕೊಂಡಿಲ್ಲ ಅಂದ್ರಾ? ಕಾಯಿ?"

ದೊಡ್ಡಣ್ಣನಿಗೆ ಆ ತನಕ ಅದು ಹೊಳೆದೇ ಇರಲಿಲ್ಲ. ಅದು ಆಯ ಅಲ್ಲವಾ ಎಂದ. ನಿನಗೆ ಆಯ, ನನಗೆ ಆಯ, ಕುರ್ಚಿ ಮೇಲೆ ಕೂತವರಿಗೆ ಅದು ಏನಾಗಿ ಕಾಣುತ್ತದೆ ಯೋಚನೆ ಮಾಡು ಎಂದಳು ಅಂಕಮ್ಮ. ಮಹಜರಿನ ದಿನ ಸಿದ್ದಮ್ಮ ಕಾಯಿ ಸುದ್ದಿ ಎತ್ತದಂತೆ ಈಗಲೇ ಹೋಗಿ ಒಂದು ಮಾತು ಹೇಳಿ ಬಾ ಎಂದು ಎಬ್ಬಿಸಿ ಕಳಿಸಿದಳು. ಹೇಳಿದ್ದು ಸರಿಯಾಗಿಯೇ ಇತ್ತು. ಅವಳು ಯಾವಾಗಲೂ ಅವನಿಗಿಂತ ಎರಡು ಹೆಜ್ಜೆ ಮುಂದೆಯೇ ನೋಡುತ್ತಿದ್ದವಳು.

ದೊಡ್ಡಣ್ಣ ರಸ್ತೆ ದಾಟಿ ಸಿದ್ದಮ್ಮನ ಮನೆಗೆ ಹೋದ. ಅವಳಿಗೆ ಈಗ ಅರವತ್ತೈದಿರಬೇಕು, ಮೊಣಕಾಲು ಇನ್ನೂ ಎಳೆಯುತ್ತದೆ. ಕಾಫಿ ಕೊಟ್ಟಳು. ಆಫೀಸರುಗಳು ಬರುತ್ತಾರಂತೆ, ನಮ್ಮ ನೀರು ಗಟ್ಟಿಯಾಗುತ್ತದಂತೆ ಎಂದು ಸಂತೋಷಪಟ್ಟಳು. ಮಾತು ಅವನ ಬಾಯಿಯ ತುದಿಗೆ ಬಂತು. ಕಾಯಿ ವಿಷಯ ಹೇಳಬೇಡಕ್ಕ ಎಂದರೆ ಮುಗಿಯಿತು, ಅವಳೇನೂ ಬೇರೆಯವಳಲ್ಲ. ಆದರೆ ಹೇಳಬೇಡ ಎಂದ ಗಳಿಗೆಯಿಂದ ಅದು ಮುಚ್ಚಿಡಬೇಕಾದ ವಸ್ತುವಾಗುತ್ತದೆ. ಹದಿನಾಲ್ಕು ವರ್ಷ ಅವಳು ತಲೆಯೆತ್ತಿ ಕೊಟ್ಟದ್ದು, ತಾನು ತಲೆಯೆತ್ತಿ ತೆಗೆದುಕೊಂಡದ್ದು, ಅಪ್ಪ ಕಣದಲ್ಲಿ ನಿಂತು ತೆಗೆದುಕೊಂಡದ್ದು, ಎಲ್ಲ ಒಂದೇ ಸಲಕ್ಕೆ ಲಂಚವಾಗುತ್ತದೆ. ಅವನ ಕೈಯಲ್ಲಿ ಆಗಲಿಲ್ಲ. ಕಾಫಿ ಚೆನ್ನಾಗಿದೆ ಎಂದು ಹೇಳಿ ಎದ್ದು ಬಂದ. ಅಂಕಮ್ಮ ಹೇಳಿದೆಯಾ ಎಂದಳು. ಅವನು ಮೊಪೆಡ್ಡು ಒರೆಸತೊಡಗಿದ. ಅವಳಿಗೆ ಗೊತ್ತಾಯಿತು, ಮತ್ತೆ ಕೇಳಲಿಲ್ಲ.

ಮಹಜರು ಬುಧವಾರ ಹನ್ನೊಂದಕ್ಕೆ ನಡೆಯಿತು. ಸಿದ್ದಮ್ಮನ ಮನೆಯ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿದರು. ಈ ಕಡೆಯಿಂದ ರೇಣುಕಪ್ರಸಾದ್, ನಯನ. ಆ ಕಡೆಯಿಂದ ಅವರ ಪಂಚಾಯ್ತಿಯ ಕಾರ್ಯದರ್ಶಿ, ಜೊತೆಗೆ ರೆವಿನ್ಯೂ ಇನ್ಸ್‌ಪೆಕ್ಟರು. ಬರೆಯುವುದು ಇನ್ಸ್‌ಪೆಕ್ಟರ ಕೆಲಸ. ಅವರು ಆತುರವಿಲ್ಲದ ಮನುಷ್ಯ. ಒಂದೊಂದು ಪ್ರಶ್ನೆ ಕೇಳಿ, ಉತ್ತರವನ್ನು ದುಂಡಗೆ ಬರೆದು, ಬರೆದದ್ದನ್ನು ಗಟ್ಟಿಯಾಗಿ ಓದಿ ಮುಂದಿನದಕ್ಕೆ ಹೋಗುತ್ತಿದ್ದರು. ನೀರು ಯಾವಾಗಿನಿಂದ ಬರುತ್ತಿದೆ, ಎಷ್ಟು ಮನೆ, ಎಷ್ಟು ಜನ, ದಿನಕ್ಕೆ ಎಷ್ಟು ಹೊತ್ತು. ಎಲ್ಲ ಸರಿಯಾಗಿ ನಡೆಯಿತು. ದೊಡ್ಡಣ್ಣ ತೆಂಗಿನ ಮರಕ್ಕೆ ಒರಗಿಕೊಂಡು ನಿಂತಿದ್ದ.

ಆ ಕಡೆಯ ಕಾರ್ಯದರ್ಶಿಗೆ ಈ ಒಪ್ಪಂದ ಅಷ್ಟೇನೂ ಇಷ್ಟವಿರಲಿಲ್ಲ. ತಮ್ಮ ಜನಕ್ಕೆ ಬೇರೆಯವರು ನೀರು ಕೊಟ್ಟರು ಎಂದರೆ ತಾವು ಕೊಡಲಿಲ್ಲ ಎಂದೂ ಆಗುತ್ತದಲ್ಲ. ಹದಿನಾಲ್ಕು ವರ್ಷ ಒಂದು ಪಂಚಾಯ್ತಿಗೂ ಏನೂ ಕಟ್ಟದೆ ಪುಗಸಟ್ಟೆ ನೀರು ಕುಡಿದವರಿಗೆ ಈಗ ಹಕ್ಕು ಬೇರೆ ಬೇಕಾ ಎಂದು ನಗುತ್ತಲೇ ಕೇಳಿದರು. ಪುಗಸಟ್ಟೆ ಎಂಬ ಮಾತು ಕೇಳಿ ಸಿದ್ದಮ್ಮ ಕಂಬ ಹಿಡಿದುಕೊಂಡು ಎದ್ದು ನಿಂತಳು.

"ಬಿಟ್ಟಿ ಕುಡ್ದಿಲ್ಲ ಸ್ವಾಮಿ ನಾವು. ವರ್ಷಾ ವರ್ಷಾ ಮನೆಗೆ ಹತ್ತು ಕಾಯಿ ಆಯ ಕೊಟ್ಟಿದೀವಿ. ಒಂದು ವರ್ಷನೂ ತಪ್ಸಿಲ್ಲ. ಬೇಕಾದ್ರೆ ದೊಡ್ಡಣ್ಣನ್ನೇ ಕೇಳಿ, ಅಲ್ಲೇ ನಿಂತವ್ನೆ."

ಇನ್ಸ್‌ಪೆಕ್ಟರು ತಲೆಯೆತ್ತಿದರು. ಕಾಯಿ ಯಾರಿಗೆ ಕೊಡುತ್ತಿದ್ದಿರಿ ಎಂದರು. ನೀರುಗಂಟಿಗೆ ಕೊಡದೆ ಇನ್ಯಾರಿಗೆ ಕೊಡುತ್ತಾರೆ ಎಂದಳು ಸಿದ್ದಮ್ಮ, ಇಷ್ಟೂ ತಿಳಿಯದವರು ಆಫೀಸರು ಹೇಗಾದರೋ ಎಂಬಂತೆ. ಉಳಿದ ಹತ್ತು ಮನೆಯವರೂ ಹೌದು ಹೌದು ಎಂದು ತಲೆಯಾಡಿಸಿದರು. ರೇಣುಕಪ್ರಸಾದ್ ರಸ್ತೆಯ ಕಡೆ ನೋಡತೊಡಗಿದರು. ಇನ್ಸ್‌ಪೆಕ್ಟರು ದೊಡ್ಡಣ್ಣನನ್ನು ಕರೆದು ಇದು ನಿಜವೇ ಎಂದು ಕೇಳಿದರು. ಸುಳ್ಳು ಎನ್ನಬಹುದಾಗಿತ್ತು. ಹಾಗೆಂದರೆ ಸಿದ್ದಮ್ಮ ಆಫೀಸರುಗಳ ಎದುರು ಸುಳ್ಳುಗಾತಿಯಾಗುತ್ತಿದ್ದಳು.

"ನಿಜ ಸ್ವಾಮಿ. ಇಸ್ಕೊಂಡಿದೀನಿ," ಎಂದ.

ಅದನ್ನೂ ಇನ್ಸ್‌ಪೆಕ್ಟರು ದುಂಡಗೆ ಬರೆದು ಗಟ್ಟಿಯಾಗಿ ಓದಿದರು. ಓದುವಾಗ ಆಯ ಎಂಬ ಪದ ಇರಲಿಲ್ಲ. ಸದರಿ ನೌಕರನು ವಸ್ತುರೂಪದ ಪ್ರತಿಫಲ ಪಡೆದಿರುವುದಾಗಿ ಎಂದಿತ್ತು. ಸಿದ್ದಮ್ಮನಿಗೆ ಅದು ತನ್ನ ಮಾತಿನ ದೊಡ್ಡ ರೂಪದಂತೆ ಕೇಳಿಸಿತು. ಹನ್ನೊಂದು ಮನೆಯವರೂ ಒಬ್ಬೊಬ್ಬರಾಗಿ ಬಂದು, ಬಿಟ್ಟಿ ಕುಡಿದವರಲ್ಲ ಎಂಬ ಹೆಮ್ಮೆಯಿಂದ ಸಹಿ ಹಾಕಿದರು. ಸಿದ್ದಮ್ಮ ಹೆಬ್ಬೆಟ್ಟು ಒತ್ತಿ ಬೆರಳನ್ನು ಮರಕ್ಕೆ ಒರೆಸಿದಳು.

ಎರಡು ತಿಂಗಳಲ್ಲಿ ಎರಡೂ ವಿಷಯ ತೀರ್ಮಾನವಾದವು. ಮೂಡಲ ಸಾಲಿನ ಹನ್ನೊಂದು ಸಂಪರ್ಕ ಸಕ್ರಮವಾಯಿತು. ಜನ ಪುಗಸಟ್ಟೆ ಬಳಸಿದವರಲ್ಲ, ಮೊದಲಿನಿಂದಲೂ ಪ್ರತಿಫಲ ಕೊಟ್ಟು ಬಳಸಿದ್ದಾರೆ ಎಂಬ ಕಾರಣವನ್ನೇ ಮುಂದಿಟ್ಟು ಮೇಲಿನವರು ಒಪ್ಪಿದ್ದರು. ನಯನ ಮಾಡಿದ ಹೊಸ ನಕ್ಷೆಯಲ್ಲಿ ಮೋರಿಯೊಳಗಿನಿಂದ ಒಂದು ಗೆರೆ ರಸ್ತೆ ದಾಟಿ ಆಚೆಗೆ ಹೋಯಿತು. ಖಾಯಂ ಪಟ್ಟಿಯನ್ನು ಕಚೇರಿಯ ಬಾಗಿಲಿಗೆ ಅಂಟಿಸಿದರು. ಅದರಲ್ಲಿ ಐದು ಹೆಸರಿದ್ದವು.

ರೇಣುಕಪ್ರಸಾದ್ ಪಟ್ಟಿ ಅಂಟಿಸುವ ಮೊದಲೇ ದೊಡ್ಡಣ್ಣನನ್ನು ಒಳಗೆ ಕರೆದು ಕೂರಿಸಿದ್ದರು. ಅದೊಂದು ಅವರ ದೊಡ್ಡತನ. ಮಹಜರಿನ ಪ್ರತಿ ಜೊತೆಯಲ್ಲಿರುವಾಗ ತಕರಾರಿಲ್ಲ ಎಂದು ತಾವು ಹೇಗೆ ಬರೆಯಲಿ, ಬರೆದರೆ ತಮ್ಮ ಕೊರಳಿಗೇ ಬರುತ್ತದೆ ಎಂದರು. ಕೇಸು ಗೀಸು ಏನೂ ಆಗದಂತೆ ನೋಡಿಕೊಂಡಿದ್ದೇನೆ, ಈ ತಿಂಗಳ ಕೊನೆಗೆ ಗ್ರಾಮ ಪಂಚಾಯ್ತಿ ಮುಗಿಯುತ್ತದೆ, ಅದರ ಜೊತೆ ನಿನ್ನ ಕೆಲಸವೂ ಮುಗಿಯುತ್ತದೆ, ಅಷ್ಟೇ ಎಂದರು. ಅದನ್ನು ಬರೆದು ಕೊಡುತ್ತೀರಾ ಎಂದು ಕೇಳಿದ ದೊಡ್ಡಣ್ಣ. ಅವರಿಗೆ ಅರ್ಥವಾಗಲಿಲ್ಲ. ಏನನ್ನು ಎಂದರು. ಕೆಲಸ ಮುಗಿಯಿತು ಅನ್ನುವುದನ್ನು ಎಂದ. ಅಂಥ ನಮೂನೆ ಯಾವುದೂ ಇಲ್ಲವಲ್ಲಪ್ಪ ಎಂದು ಅವರು ಪಾಪ ಕಂಪ್ಯೂಟರಿನಲ್ಲಿ ಸ್ವಲ್ಪ ಹೊತ್ತು ಹುಡುಕಿದರು.

ಕೊನೆಯ ವಾರ ದೊಡ್ಡಣ್ಣ ಹೊಸ ಗುತ್ತಿಗೆದಾರನ ಆಳಿಗೆ ಹದಿನಾಲ್ಕು ವಾಲ್ವನ್ನೂ ತೋರಿಸಿಕೊಟ್ಟ. ಆಳಿನ ಕೈಯಲ್ಲಿ ನಕ್ಷೆ ಇತ್ತು. ಮರ ಇದ್ದ ಜಾಗಗಳೆಲ್ಲ ಅದರಲ್ಲಿ ಸರಿಯಾಗಿದ್ದವು, ತೋರಿಸುವುದು ಹೆಚ್ಚೇನೂ ಉಳಿದಿರಲಿಲ್ಲ. ಕಬ್ಬಿಣದ ಕೀಲಿಯನ್ನು ಒಪ್ಪಿಸಿ ಮನೆಗೆ ಬಂದ. ಅವತ್ತು ಅವನಿಗೆ ತುಂಬ ದುಃಖವಾಯಿತು. ಅಂಕಮ್ಮನ ಎದುರಿಗೇ ಅತ್ತ. ಅವಳು ಬೈಯಲಿಲ್ಲ. ಅವತ್ತು ಸಿದ್ದಮ್ಮಂಗೆ ಒಂದು ಮಾತು ಹೇಳಿದ್ದರೆ ಎಂದು ಅವಳ ಬಾಯಿಗೆ ಬಂದದ್ದು ಅಲ್ಲೇ ನಿಂತಿತು. ಎದ್ದು ಹೋಗಿ ಮುದ್ದೆಗೆ ಇಟ್ಟಳು.

ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಏಳರ ಹೊತ್ತಿಗೆ ಅವನು ಹುಲ್ಲು ತರಲು ಮೂಡಲ ಬದಿಯಲ್ಲಿ ಹೋಗುತ್ತಿದ್ದ. ಸಿದ್ದಮ್ಮನ ಮನೆಯ ಮುಂದೆ ನಲ್ಲಿ ಬಿಟ್ಟಿತ್ತು. ಹೊಸ ಮೀಟರು ಕೂರಿಸಿದ್ದರು, ಪಕ್ಕದಲ್ಲಿ ಸಂಪರ್ಕದ ಸಂಖ್ಯೆ ಬರೆದಿದ್ದರು. ಅವಳು ಬಿಂದಿಗೆ ಹಿಡಿದವಳು ಅವನನ್ನು ಕೂಗಿ ಕರೆದಳು. ಬೇರೆ ಯಾರೋ ಬಂದು ನೀರು ಬಿಡುತ್ತಿದ್ದಾನೆ, ನೀನು ರಜೆಯ ಮೇಲಿದ್ದೀಯ ಎಂದುಕೊಂಡಿದ್ದೆ, ನಿನ್ನೆ ಯಾರೋ ಹೇಳಿದರು ನಿನ್ನ ಹೆಸರೇ ಬಿಟ್ಟುಬಿಟ್ಟರಂತೆ, ಹೌದಾ ಎಂದು ಕೇಳಿದಳು. ಹೌದೆಂದ. ಯಾಕೆ ಎಂದಳು. ವಯಸ್ಸಾಯಿತಂತೆ ಎಂದ ದೊಡ್ಡಣ್ಣ.

ಐವತ್ತನಾಲ್ಕಕ್ಕೆ ಎಂಥ ವಯಸ್ಸು ಎಂದು ಸಿದ್ದಮ್ಮನಿಗೆ ಕೋಪ ಬಂತು. ಹೊಸಬನು ನೀರನ್ನು ಹೊತ್ತಲ್ಲದ ಹೊತ್ತಿನಲ್ಲಿ ಬಿಡುವುದನ್ನೂ ಹೇಳಿ ಬೈದಳು. ಆಮೇಲೆ ತುಂಬಿದ ಬಿಂದಿಗೆಯನ್ನು ಪಕ್ಕಕ್ಕೆ ಸರಿಸಿ, ಕೈಯನ್ನು ಸೆರಗಿಗೆ ಒರೆಸಿಕೊಂಡು ಅವನ ಹತ್ತಿರ ಬಂದಳು.

"ನಾಳಿಕೆ ನಾನು ಆಫೀಸ್ಗೆ ಬತ್ತೀನಿ ಕಣಣ್ಣ. ನಿನ್ ಪರವಾಗಿ ಒಂದ್ ಮಾತು ಹೇಳ್ತೀನಿ. ಅವತ್ತು ನಾನು ಬಾಯ್ಬುಟ್ಟು ಹೇಳಿದ್ಕೇ ತಾನೆ ನಮ್ಗೆ ನೀರಾಗಿದ್ದು."

ದೊಡ್ಡಣ್ಣ ಅವಳ ಮುಖ ನೋಡಿದ. ಅದರಲ್ಲಿ ಅವನ ಮೇಲಿನ ಅಕ್ಕರೆ ಬಿಟ್ಟರೆ ಏನೂ ಇರಲಿಲ್ಲ.

"ಬ್ಯಾಡ ಬುಡಕ್ಕ," ಎಂದ. "ನೀರು ಬತ್ತೈತಲ್ಲ."

ಅವಳು ಒಪ್ಪಲಿಲ್ಲ. ಒಂಬತ್ತೂವರೆ ಬಸ್ಸಿನ ಹೊತ್ತಿಗೆ ತಯಾರಾಗಿರುತ್ತೇನೆ, ಹನ್ನೊಂದು ಮನೆಯವರನ್ನೂ ಹೊರಡಿಸುತ್ತೇನೆ ಎಂದಳು. ಆಫೀಸು ಎಂದರೆ ಅವಳಿಗೆ ಏಳು ಕಿಲೋಮೀಟರು ಒಳಗಿನ ತಮ್ಮ ಪಂಚಾಯ್ತಿಯದೇ. ಈ ಆಫೀಸಿಗೆ ರಸ್ತೆ ದಾಟಿದರೆ ಸಾಕಕ್ಕ, ಬಸ್ಸು ಬೇಡ ಎಂದು ದೊಡ್ಡಣ್ಣ ಹೇಳಿದ.